ಚಲಿಸುವ ಚಿತ್ರಕ್ಕೊಂದು ಪದಸೂಚಿ

೧

ಪ್ರಾಚೀನ ಗ್ರಂಥವನ್ನು ಸಂಪಾದಿಸತಕ್ಕವರು ಅದರ ಕೊನೆಯಲ್ಲಿ ಪದ್ಯಗಳ ಅಕಾರಾದಿಯನ್ನೋ ಪದಸೂಚಿಯನ್ನೋ ಸೇರಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಗ್ರಂಥವನ್ನು ಆದ್ಯಂತವಾಗಿ ಓದಿದವನಿಗೂ 'ಈ ಮಾತು ಎಲ್ಲಿ ಬಂದಿತ್ತು?' ಎಂಬ ಸಂದೇಹ ತಲೆದೋರಿದಾಗ ನೆರವಾಗುವುವು ಆ ಕೊನೆಯ ಪುಟಗಳೇ. ಆದರೆ ನಮ್ಮ ಕಾಲದ ನೆನಪುಗಳೆಲ್ಲವೂ ಗ್ರಂಥಸ್ಥವಾಗಿಲ್ಲ. ಸಭೆ, ನಾಟಕ, ಯಕ್ಷಗಾನ, ಉಪನ್ಯಾಸ, ಸಂದರ್ಶನ ಮುಂತಾದವುಗಳಲ್ಲಿ ಬಹುಭಾಗ ಇಂದು ವಿಡಿಯೊ ರೂಪದಲ್ಲಿದೆ. ಈ ಭಂಡಾರಗಳಿಗೆ ಪದಸೂಚಿಯನ್ನು ರಚಿಸುವುದು ಹೇಗೆ? ಚಿತ್ರದಲ್ಲಿ ಪದಗಳಾದರೂ ಎಲ್ಲಿವೆ?

ಈ ಪ್ರಶ್ನೆ ನನಗೆ ಒದಗಿದುದು ಒಂದು ಸಣ್ಣ ಪ್ರಸಂಗದಿಂದ. ನಮ್ಮ ಸಂಘದ ಕಪಾಟಿನಲ್ಲಿ ೧೯೮೫ರಿಂದ ಈಚಿನ ಕಾರ್ಯಕ್ರಮಗಳ ೨೩ ವಿಡಿಯೊ ಕ್ಯಾಸೆಟ್ಟುಗಳಿವೆ. ಹೆಚ್ಚಿನವುಗಳ ಮೇಲೆ 'ಕಾರ್ಯಕ್ರಮ' ಎಂಬ ಒಂದು ಮಾತು, ಒಂದು ಸಂಖ್ಯೆ, ಇಷ್ಟೇ ಬರಹ. ಸದಸ್ಯರೊಬ್ಬರು ಬಂದು, ತಮ್ಮ ತೀರಿಹೋದ ತಂದೆಯವರು ತಾಳಮದ್ದಳೆಯೊಂದರಲ್ಲಿ ಶಲ್ಯನ ಅರ್ಥ ಹೇಳಿದ್ದರೆಂದೂ, ಅದು ಇವುಗಳಲ್ಲಿ ಎಲ್ಲಾದರೂ ಇರಬೇಕೆಂದೂ ತಿಳಿಸಿದರು. ನಾವಿಬ್ಬರು ಏಳು ವಾರಗಳ ಶನಿವಾರ, ಭಾನುವಾರಗಳ ಸಂಜೆಯನ್ನು ಇದಕ್ಕಾಗಿ ವಿನಿಯೋಗಿಸಿದೆವು. ಒಂಬತ್ತನೆಯ ಕ್ಯಾಸೆಟ್ಟಿನಲ್ಲಿ, ಸನ್ಮಾನ ಸಮಾರಂಭವೊಂದರ ಬಳಿಕ, ಮಸುಕಾದ ಬಿಂಬದಲ್ಲಿ ಐದಾರು ಮಂದಿ ಶಾಲು ಹೊದೆದು ಕುಳಿತಿದ್ದರು. ಮಗನಿಗೂ ಮುಖದ ಗುರುತು ಹತ್ತಲಿಲ್ಲ. ಅಂದಿನ ವ್ಯವಸ್ಥೆಯನ್ನು ನೋಡಿಕೊಂಡಿದ್ದ ಹಿರಿಯರೊಬ್ಬರನ್ನು ಕರೆತಂದು ತೋರಿಸಿದಾಗ ಅವರು ಕಣ್ಣುಮುಚ್ಚಿ ಕೇಳಿ, ಅರೆನಿಮಿಷದಲ್ಲಿ, "ಇದು ಅವರದೇ ಧ್ವನಿ, ಶಲ್ಯ ರಥದಿಂದಿಳಿಯುವ ಸಂದರ್ಭ" ಎಂದರು.

ಹದಿನಾಲ್ಕು ಸಂಜೆಗಳ ಹುಡುಕಾಟ ಮತ್ತು ಅರೆನಿಮಿಷದ ಗುರುತಿಸುವಿಕೆ: ಇವೆರಡರ ನಡುವಣ ಅಂತರವನ್ನು ಯಂತ್ರದಿಂದ ಎಷ್ಟರಮಟ್ಟಿಗೆ ತುಂಬಬಹುದು ಎಂಬುದೇ ಕಳೆದ ಎರಡೂವರೆ ದಶಕಗಳಲ್ಲಿ ಅನೇಕ ಡಾಕ್ಟರೇಟ್ ಪ್ರಬಂಧಗಳ ವಸ್ತುವಾಗಿದೆ. ಆ ಸಂಶೋಧನೆಯ ತಿರುಳನ್ನು, ಗಣಿತದ ಗೊಡವೆಗೆ ಹೋಗದೆ, ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಪ್ರಮಾಣದ ಮಾತು. ನಮ್ಮ ದೇಶದ ದೂರದರ್ಶನ ಪದ್ಧತಿಯಂತೆ ವಿಡಿಯೊದ ಒಂದು ಸೆಕೆಂಡಿಗೆ ೨೫ ಸ್ಥಿರಚಿತ್ರಗಳು. ಒಂದು ಗಂಟೆಗೆ ೯೦,೦೦೦. ನಮ್ಮ ಕಪಾಟಿನ ಸುಮಾರು ಎಪ್ಪತ್ತು ಗಂಟೆಗಳಲ್ಲಿಯೇ ಅರವತ್ತು ಲಕ್ಷಕ್ಕೂ ಮಿಕ್ಕ ಚಿತ್ರಗಳಿವೆಯೆಂದಾಯಿತು. ಸಂಶೋಧಕರು ತಮ್ಮ ಪ್ರಯೋಗಗಳಿಗಾಗಿ ಬಳಸುವ 'ವಿ೩ಸಿ' ಎಂಬ ಸಂಗ್ರಹದಲ್ಲಿ ೨೮,೪೫೦ ವಿಡಿಯೊಗಳು, ಸುಮಾರು ೩,೮೦೦ ಗಂಟೆಗಳ ಅವಧಿ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬನು ಇದನ್ನು ನೋಡಿ ಮುಗಿಸಲು ೪೭೫ ದಿನ ಬೇಕು. ದೊಡ್ಡ ಪ್ರಸಾರ ಸಂಸ್ಥೆಗಳ ಭಂಡಾರಗಳ ಮುಂದೆ ಇದೂ ಅಲ್ಪವೇ.

ಆದುದರಿಂದ ಯಂತ್ರದ ಮೊದಲ ಕೆಲಸ ವಿಡಿಯೊವನ್ನು ತುಂಡರಿಸುವುದು. ಕ್ಯಾಮೆರಾ ಒಮ್ಮೆ ಚಾಲನೆಗೊಂಡು ನಿಲ್ಲುವವರೆಗಿನ ಭಾಗವನ್ನು 'ಶಾಟ್' ಎನ್ನುತ್ತಾರೆ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬಣ್ಣ, ಬೆಳಕುಗಳಲ್ಲಿ ಹಠಾತ್ತಾದ ವ್ಯತ್ಯಾಸ ಕಂಡುಬಂದರೆ ಅಲ್ಲಿ ಶಾಟ್ ಮುಗಿಯಿತೆಂದು ಯಂತ್ರ ಊಹಿಸುತ್ತದೆ. ಪ್ರತಿ ಶಾಟಿನಿಂದ ಒಂದೆರಡು ಪ್ರತಿನಿಧಿ ಚಿತ್ರಗಳನ್ನು ಆರಿಸಿಕೊಂಡರೆ ಲಕ್ಷಗಳು ಸಾವಿರಗಳಿಗೆ ಇಳಿಯುತ್ತವೆ. ವಾಕ್ಯ, ಪದ್ಯ, ಸಂಧಿಗಳೆಂಬ ವಿಂಗಡಣೆಯಿಲ್ಲದೆ ಪದಸೂಚಿಯನ್ನು ರಚಿಸಲಾಗದಷ್ಟೆ. ಹಾಗೆಯೇ ಇದು.

೩

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ ಬರುತ್ತದೆ. ಇದಕ್ಕೆ ಒಂದು ವಿಲಕ್ಷಣವಾದ ಉತ್ತರ ದೊರೆತುದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಜೋಸೆಫ್ ಸಿವಿಕ್ ಎಂಬ ಸಂಶೋಧನ ವಿದ್ಯಾರ್ಥಿಯೂ ಅವರ ಮಾರ್ಗದರ್ಶಕರಾದ ಆಂಡ್ರೂ ಜಿಸರ್‌ಮನ್ ಅವರೂ ೨೦೦೩ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದರ ಬೀಜವಿದೆ. ಸಿವಿಕ್ ೨೦೦೬ರಲ್ಲಿ ಸಲ್ಲಿಸಿದ ಡಾಕ್ಟರೇಟ್ ಪ್ರಬಂಧದಲ್ಲಿ ಅದು ಬೆಳೆದಿದೆ. ಅವರ ವಾದದ ಸಾರಾಂಶವಿಷ್ಟು: ಚಿತ್ರದಲ್ಲಿ ಪದಗಳಿಲ್ಲದಿದ್ದರೆ ನಾವೇ ಪದಗಳನ್ನು ನಿರ್ಮಿಸೋಣ, ಆಮೇಲೆ ಗ್ರಂಥಗಳನ್ನು ಹುಡುಕುವ ಶಾಸ್ತ್ರವನ್ನೇ ಚಿತ್ರಗಳಿಗೂ ಅನ್ವಯಿಸೋಣ.

ಈ ಪದನಿರ್ಮಾಣದ ಕ್ರಮ ಹೀಗೆ. ಪ್ರತಿ ಚಿತ್ರದಲ್ಲಿಯೂ ಸುಲಭವಾಗಿ ಗುರುತು ಹಿಡಿಯಬಹುದಾದ ಸಣ್ಣ ಸಣ್ಣ ತಾಣಗಳಿರುತ್ತವೆ: ಕಿಟಕಿಯ ಮೂಲೆ, ಫಲಕದ ಮೇಲಿನ ಅಕ್ಷರದ ತಿರುವು, ಬಟ್ಟೆಯ ಗೀರು. ಅಂತಹ ಒಂದೊಂದು ತಾಣದ ಸುತ್ತಣ ಬೆಳಕು ನೆರಳುಗಳ ವಿನ್ಯಾಸವನ್ನು ೧೨೮ ಸಂಖ್ಯೆಗಳ ಸಾಲಾಗಿ ಬರೆದಿಡುವ ವಿಧಾನವನ್ನು ಕೆನಡಾದ ಡೇವಿಡ್ ಲೋ ಎಂಬ ವಿದ್ವಾಂಸರು ಮೊದಲೇ ರೂಪಿಸಿದ್ದರು. ವಸ್ತು ದೂರ ಸರಿದರೂ, ಸ್ವಲ್ಪ ಓರೆಯಾದರೂ ಈ ಸಂಖ್ಯೆಗಳು ಹೆಚ್ಚು ಮಾರ್ಪಡುವುದಿಲ್ಲವೆಂಬುದು ಇದರ ಗುಣ. ಆಕ್ಸ್‌ಫರ್ಡಿನವರು ಇಂತಹ ಅಸಂಖ್ಯ ಸಾಲುಗಳನ್ನು ಕಲೆಹಾಕಿ, ಒಂದನ್ನೊಂದು ಹೋಲುವಂಥವನ್ನು ಒಂದೇ ಗುಂಪಿಗೆ ಸೇರಿಸಿದರು. ಹೀಗೆ ಸುಮಾರು ೧೬,೦೦೦ ಗುಂಪುಗಳಾದವು. ಒಂದೊಂದು ಗುಂಪೂ ಒಂದೊಂದು 'ದೃಶ್ಯಪದ'. ಒಟ್ಟು ಗುಂಪುಗಳೇ ಆ ಚಿತ್ರಭಾಷೆಯ ಪದಕೋಶ.

ಮುಂದಿನದು ನಮಗೆ ಪರಿಚಿತವಾದ ದಾರಿಯೇ. ಎಂಟು ಸಂಪುಟಗಳಲ್ಲಿ ಹೊರಬಂದು ೧೯೯೫ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ವಿದ್ವಾಂಸರು ಪದಗಳನ್ನು ಪ್ರಯೋಗಸಹಿತವಾಗಿ ಚೀಟಿಗಳ ಮೇಲೆ ಬರೆದುಕೊಂಡು ಅಕಾರಾದಿಯಾಗಿ ಜೋಡಿಸಿದುದನ್ನು ನೆನೆಯಬಹುದು. ಯಂತ್ರವೂ ಪ್ರತಿಯೊಂದು ದೃಶ್ಯಪದಕ್ಕೆ ಒಂದು ಚೀಟಿಯನ್ನು ತೆರೆದು, ಅದು ಯಾವ ಯಾವ ಚಿತ್ರಗಳಲ್ಲಿ ಬಂದಿದೆಯೆಂದು ಬರೆದಿಡುತ್ತದೆ. ಸೂಚಿಕಾರನು 'ಮತ್ತು', 'ಎಂದು', 'ಆದರೆ' ಎಂಬಂಥವನ್ನು ಕೈಬಿಡುವಂತೆ, ಎಲ್ಲೆಡೆಯೂ ಕಾಣಸಿಗುವ ದೃಶ್ಯಪದಗಳನ್ನು ಅದು ಕೈಬಿಡುತ್ತದೆ. ಇಡೀ ಸಂಗ್ರಹದಲ್ಲಿ ಅಪೂರ್ವವಾದ ಪದಕ್ಕೆ ಹೆಚ್ಚು ಬೆಲೆ, ಸರ್ವಸಾಧಾರಣವಾದುದಕ್ಕೆ ಕಡಮೆ ಬೆಲೆ ಎಂಬ ಸೂತ್ರವನ್ನು ಕೇಂಬ್ರಿಜ್ಜಿನ ವಿದುಷಿ ಕರೆನ್ ಸ್ಪಾರ್ಕ್ ಜೋನ್ಸ್ ೧೯೭೨ರಲ್ಲಿಯೇ ಬರಹಗಳ ಶೋಧನೆಗಾಗಿ ಪ್ರತಿಪಾದಿಸಿದ್ದರು. ಅದನ್ನೂ ಇಲ್ಲಿ ಯಥಾವತ್ತಾಗಿ ಬಳಸಿಕೊಂಡರು.

ಫಲವೇನೆಂದರೆ, 'ಗ್ರೌಂಡ್‌ಹಾಗ್ ಡೇ' ಎಂಬ ೧೯೯೩ರ ಚಲಚ್ಚಿತ್ರದ ಒಂದು ಚಿತ್ರದಲ್ಲಿ ಕಂಡ ಗಡಿಯಾರದ ಸುತ್ತ ಗೆರೆ ಎಳೆದು ಕೇಳಿದರೆ, ಆ ಗಡಿಯಾರ ಮತ್ತೆಲ್ಲಿ ಕಾಣಿಸಿಕೊಂಡಿದೆಯೆಂಬುದನ್ನು ಯಂತ್ರ ಕ್ಷಣಮಾತ್ರದಲ್ಲಿ ತೋರಿಸಿತು. ಕೇಳಿದ ಮೇಲೆ ಅದು ಚಲಚ್ಚಿತ್ರವನ್ನು ಪುನಃ ನೋಡಬೇಕಾಗಿಲ್ಲ. ನೋಡುವ ಕೆಲಸ ಮೊದಲೇ ಮುಗಿದು ಚೀಟಿಗಳ ರೂಪದಲ್ಲಿ ಸಿದ್ಧವಾಗಿದೆ. ಇದೇ ಈ ಸಂಶೋಧನೆಯ ಮರ್ಮ.

ಆದರೆ ಇದರ ಮಿತಿಯನ್ನೂ ಗಮನಿಸತಕ್ಕದ್ದು. 'ಈ ಗಡಿಯಾರ ಎಲ್ಲಿದೆ?' ಎಂಬುದಕ್ಕೆ ಇಲ್ಲಿ ಉತ್ತರವುಂಟು, 'ಗಡಿಯಾರಗಳು ಎಲ್ಲೆಲ್ಲಿವೆ?' ಎಂಬುದಕ್ಕಿಲ್ಲ. ಒಂದು ವ್ಯಕ್ತಿಯನ್ನು ಕಾಣುವುದು ಬೇರೆ, ಅದರ ಜಾತಿಯನ್ನು ತಿಳಿಯುವುದು ಬೇರೆ ಎಂಬ ನಮ್ಮ ತಾರ್ಕಿಕರ ಭೇದ ಇಲ್ಲಿ ಕೈಗೆ ತಾಕುವಂತಿದೆ. ದೃಶ್ಯಪದಗಳು ಯಂತ್ರ ಕಟ್ಟಿಕೊಂಡ ಪದಗಳು. ಅವುಗಳಿಗೆ ರೂಪವುಂಟು, ಅರ್ಥವಿಲ್ಲ.

೪

ಅರ್ಥದ ಕಡೆಗೆ ಮೊದಲ ದೊಡ್ಡ ಹೆಜ್ಜೆ ೨೦೧೨ರಲ್ಲಿ ಬಿದ್ದಿತು. ಆ ವರ್ಷ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದವರ ನರಜಾಲ ಮಾದರಿಯ ಯಂತ್ರವೊಂದು, ಮನುಷ್ಯರು ಹೆಸರಿಟ್ಟ ಸುಮಾರು ೧೨ ಲಕ್ಷ ಚಿತ್ರಗಳನ್ನು ಅಭ್ಯಾಸಮಾಡಿ, ಸಾವಿರ ಬಗೆಯ ವಸ್ತುಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಉಳಿದವರನ್ನು ಬಹುದೂರ ಹಿಂದಿಕ್ಕಿತು. ಅಲ್ಲಿಯೂ ಪ್ರಬಂಧಕ್ಕಾಗಿ ದುಡಿಯುತ್ತಿದ್ದ ವಿದ್ಯಾರ್ಥಿಗಳೇ ಮುಂದಾಳುಗಳು. ಎರಡನೆಯ ಹೆಜ್ಜೆ ೨೦೨೧ರಲ್ಲಿ ಅಮೆರಿಕದ ಓಪನ್‌ಎಐ ಸಂಸ್ಥೆ ಪ್ರಕಟಿಸಿದ 'ಕ್ಲಿಪ್' ಎಂಬುದು. ಇಂದಿನ ವಿಡಿಯೊ ಶೋಧನೆಯ ಸಂಶೋಧನೆಯಲ್ಲಿ ಬಹುಭಾಗ ಈ ತತ್ತ್ವವನ್ನೇ ಅವಲಂಬಿಸಿರುವುದರಿಂದ ಇದನ್ನು ಸ್ವಲ್ಪ ವಿವರಿಸಬೇಕು.

ಅಂತರ್ಜಾಲದಲ್ಲಿ ಚಿತ್ರಗಳ ಜೊತೆಗೆ ಅವನ್ನು ಕುರಿತ ಮಾತೂ ಇರುತ್ತದೆ. ಇಂತಹ ೪೦ ಕೋಟಿ ಜೋಡಿಗಳನ್ನು ಸಂಗ್ರಹಿಸಿದರು. ಚಿತ್ರವನ್ನು ಸಂಖ್ಯೆಗಳ ಸಾಲಾಗಿ ಮಾರ್ಪಡಿಸುವ ಒಂದು ಯಂತ್ರ, ವಾಕ್ಯವನ್ನು ಅಂತಹುದೇ ಸಾಲಾಗಿ ಮಾರ್ಪಡಿಸುವ ಇನ್ನೊಂದು ಯಂತ್ರ. ನಿಜವಾದ ಜೋಡಿಗಳ ಸಾಲುಗಳು ಒಂದಕ್ಕೊಂದು ಹತ್ತಿರವಾಗುವಂತೆಯೂ, ಹೊಂದದವು ದೂರವಾಗುವಂತೆಯೂ ಎರಡನ್ನೂ ತಿದ್ದುತ್ತ ಹೋದರು. ಕಡೆಗೆ ಚಿತ್ರ ಮತ್ತು ಮಾತು ಒಂದೇ ಭೂಪಟದಲ್ಲಿ ನೆಲೆಸಿದಂತಾಯಿತು. 'ಮಳೆಯಲ್ಲಿ ಕೊಡೆ ಹಿಡಿದು ನಡೆಯುವ ಹುಡುಗಿ' ಎಂಬ ವಾಕ್ಯ ಆ ಭೂಪಟದಲ್ಲಿ ಎಲ್ಲಿ ಬೀಳುವುದೋ, ಅದರ ನೆರೆಹೊರೆಯಲ್ಲಿರುವ ಚಿತ್ರಗಳೇ ಉತ್ತರ. ಇದಕ್ಕಾಗಿ ಯಾರೂ ಮೊದಲೇ ಆ ವಿಡಿಯೊಗಳಿಗೆ ಹೆಸರಿಟ್ಟಿರಬೇಕಾಗಿಲ್ಲ.

ಇದಕ್ಕೂ ಮುಂಚೆಯೇ, ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದಲ್ಲಿ ಲೂಕಾ ರೊಸೆಟ್ಟೊ ೨೦೧೮ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ, ಹುಡುಕುವವನಿಗೆ ಒಂದೇ ಬಾಗಿಲು ಸಾಲದೆಂದು ಕಂಡು, ಕೈಯಿಂದ ಬರೆದ ರೇಖಾಚಿತ್ರ, ಬಣ್ಣ, ಚಲನೆ, ಧ್ವನಿ, ಮಾತು ಇವುಗಳನ್ನೆಲ್ಲ ಕೂಡಿಸಿ ಕೇಳಬಹುದಾದ ಕ್ರಮವನ್ನು ರೂಪಿಸಿದ್ದರು. ಮನುಷ್ಯನ ನೆನಪು ಒಮ್ಮೆ ಬಣ್ಣವಾಗಿ, ಒಮ್ಮೆ ರಾಗವಾಗಿ, ಒಮ್ಮೆ ಮಾತಿನ ತುಣುಕಾಗಿ ಉಳಿದಿರುತ್ತದೆಯಾದುದರಿಂದ ಈ ದೃಷ್ಟಿ ಯುಕ್ತವೆಂದೇ ತೋರುತ್ತದೆ.

೫

ಯಂತ್ರ ಚೆನ್ನಾಗಿ ಹುಡುಕಿತೆಂದು ತೀರ್ಮಾನಿಸುವುದು ಹೇಗೆ? ಯಾವ ಪ್ರಬಂಧಕ್ಕೂ ಇದೇ ಕಠಿನ ಪರೀಕ್ಷೆ. ಇಲ್ಲಿ ಎರಡು ಅಳತೆಗಳಿವೆ. ತೋರಿಸಿದವುಗಳಲ್ಲಿ ಸರಿಯಾದವು ಎಷ್ಟು ಎಂಬುದು ಶುದ್ಧಿ. ಇರುವ ಸರಿಯಾದವುಗಳಲ್ಲಿ ತೋರಿಸಿದುದೆಷ್ಟು ಎಂಬುದು ಸಮಗ್ರತೆ. ಶುದ್ಧಿಯನ್ನು ಅಳೆಯುವುದು ಸುಲಭ. ಮುಂದೆ ಬಂದುದನ್ನು ನೋಡಿದರಾಯಿತು. ಸಮಗ್ರತೆಯನ್ನು ಅಳೆಯಬೇಕಾದರೆ ಕಾಣದೆ ಉಳಿದುದೇನೆಂದು ತಿಳಿದಿರಬೇಕು.

ಅಮೆರಿಕ ಸರಕಾರದ ಮಾನದಂಡ ಸಂಸ್ಥೆ ೨೦೦೧ರಲ್ಲಿ ಆರಂಭಿಸಿದ 'ಟ್ರೆಕ್‌ವಿಡ್' ಎಂಬ ವಾರ್ಷಿಕ ಪರೀಕ್ಷಾಕ್ರಮದಲ್ಲಿ ಇದಕ್ಕೊಂದು ವ್ಯಾವಹಾರಿಕ ಉಪಾಯವುಂಟು. ಹಲವು ವಿಶ್ವವಿದ್ಯಾಲಯಗಳ ಯಂತ್ರಗಳಿಗೆ ಒಂದೇ ಸಂಗ್ರಹ, ಅವೇ ಪ್ರಶ್ನೆಗಳು. ಅವು ಕೊಟ್ಟ ಉತ್ತರಗಳ ಮೇಲ್ಭಾಗವನ್ನು ಒಟ್ಟುಗೂಡಿಸಿ ಮನುಷ್ಯರು ಕುಳಿತು ಪರಿಶೀಲಿಸುತ್ತಾರೆ. ಅಲ್ಲಿ ಸರಿಯೆಂದು ಕಂಡುದೇ ಸತ್ಯದ ಪಟ್ಟಿ. ಸ್ಪರ್ಧಿಗಳನ್ನು ಪರಸ್ಪರ ತೂಗಿನೋಡಲು ಇದು ಸಾಕು. ಆದರೆ ಯಾವ ಯಂತ್ರಕ್ಕೂ ಹೊಳೆಯದ ದೃಶ್ಯ ಈ ಪಟ್ಟಿಗೆ ಬರುವುದೇ ಇಲ್ಲ. ಅದು ತಪ್ಪಿಹೋಯಿತೆಂದು ಲೆಕ್ಕಕ್ಕೂ ಸಿಗುವುದಿಲ್ಲ. ಈ ಮಾತನ್ನು ನಮ್ಮಂಥವರು ವಿಶೇಷವಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ದೊಡ್ಡ ಭಾಷೆಗಳ, ದೊಡ್ಡ ಸಮಾಜಗಳ ಚಿತ್ರಗಳನ್ನು ಉಂಡು ಬೆಳೆದ ಯಂತ್ರ ಸಣ್ಣ ಸಮುದಾಯದ ವಸ್ತುವನ್ನು ಕಾಣದಿದ್ದಾಗ, ಆ ಕಾಣದಿರುವಿಕೆಯೂ ಕಾಣುವುದಿಲ್ಲ.

ಒಂದು ಉದಾಹರಣೆ: ತೆಂಕುತಿಟ್ಟಿನ 'ಬಣ್ಣದ ವೇಷ' ಎಂದು ಕೇಳಿದೆವೆನ್ನೋಣ. ಯಕ್ಷಗಾನವನ್ನು ಬಲ್ಲವನಿಗೆ ಅದು ರಾಕ್ಷಸ ಪಾತ್ರಗಳಿಗೆ ಮೀಸಲಾದ, ಮುಖದ ತುಂಬ ಚುಟ್ಟಿಯಿಟ್ಟು ದೊಡ್ಡ ಕಿರೀಟ ಧರಿಸಿದ ನಿಶ್ಚಿತವಾದ ಒಂದು ವೇಷ. 'ಕ್ಲಿಪ್' ಕಲಿತ ಮಾತಾದರೋ ಪ್ರಧಾನವಾಗಿ ಇಂಗ್ಲಿಷು. ನಮ್ಮ ಪ್ರಶ್ನೆಯನ್ನು ಆ ಭಾಷೆಗೆ ತಿರುಗಿಸಿ ಕೇಳಿದರೆ ಅದು ಕೇವಲ ಬಣ್ಣಬಣ್ಣದ ಉಡುಪಾಗಿ ಪರಿಣಮಿಸಬಹುದು. ಶಾಲೆಯ ವಾರ್ಷಿಕೋತ್ಸವದ ಮಕ್ಕಳೆಲ್ಲರೂ ಉತ್ತರವಾಗಿ ಬರಬಹುದು. ಮದ್ರಾಸಿನ ಐ.ಐ.ಟಿ.ಯ ಎಐ೪ಭಾರತ್ ತಂಡ ೨೦೨೩ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗೂ ಅನುವಾದಯಂತ್ರವನ್ನು ಸಿದ್ಧಪಡಿಸಿದುದು ಶ್ಲಾಘ್ಯವಾದ ಕಾರ್ಯ. ಆದರೆ ಪದ ದಾಟಿದ ಮಾತ್ರಕ್ಕೆ ಪರಿಭಾಷೆ ದಾಟುವುದಿಲ್ಲ.

೬

ಇನ್ನು ತಾಳಮದ್ದಳೆಯ ವಿಷಯ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಯೇ ಮಾತನಾಡುತ್ತಾರೆ. ಚಿತ್ರವನ್ನಷ್ಟೇ ನೋಡುವ ಯಂತ್ರಕ್ಕೆ ಮೂರು ಗಂಟೆಯೂ ಒಂದೇ ಚಿತ್ರ. ಶಲ್ಯನೆಲ್ಲಿ, ಕರ್ಣನೆಲ್ಲಿ ಎಂಬುದೆಲ್ಲ ಮಾತಿನಲ್ಲಿದೆ. ಇಂತಹ ಕಡೆ ಮಾತನ್ನು ಬರಹಕ್ಕಿಳಿಸುವ ಯಂತ್ರವೇ ದಾರಿ.

ಈ ದಿಕ್ಕಿನಲ್ಲಿ ಗಮನಾರ್ಹವಾದ ಪ್ರಯತ್ನ ನಡೆದುದು ಬೇರೊಂದು ದುಃಖದ ಭಂಡಾರದಲ್ಲಿ. ಯೂರೋಪಿನ ಯೆಹೂದ್ಯರ ಹತ್ಯಾಕಾಂಡದಿಂದ ಬದುಕಿ ಉಳಿದವರ ಸಾಕ್ಷ್ಯಗಳನ್ನು ಸಂಗ್ರಹಿಸಲು ಚಲಚ್ಚಿತ್ರ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ೧೯೯೪ರಲ್ಲಿ ಸ್ಥಾಪಿಸಿದ ಸಂಸ್ಥೆ ೩೨ ಭಾಷೆಗಳಲ್ಲಿ ೫೦,೦೦೦ಕ್ಕೂ ಹೆಚ್ಚು ಸಾಕ್ಷ್ಯಗಳನ್ನು ವಿಡಿಯೊದಲ್ಲಿ ದಾಖಲಿಸಿತು. ಅವುಗಳಿಗೆ ಮನುಷ್ಯರೇ ಕುಳಿತು ಸೂಚಿಯನ್ನು ರಚಿಸುವ ಶ್ರಮ ಮತ್ತು ವೆಚ್ಚ ಅಪಾರವಾಗಿದ್ದುದರಿಂದ, ೨೦೦೧ರಲ್ಲಿ ಆ ಕೆಲಸದಲ್ಲಿ ಯಂತ್ರದ ನೆರವನ್ನು ಪಡೆಯುವ 'ಮಲಾಖ್' ಎಂಬ ಯೋಜನೆ ಆರಂಭವಾಯಿತು. ಸಾಕ್ಷಿಗಳು ವೃದ್ಧರು, ಮಾತು ನಡುಗುತ್ತದೆ, ತಡೆಯುತ್ತದೆ, ಕಣ್ಣೀರಿನಲ್ಲಿ ನಿಂತುಹೋಗುತ್ತದೆ, ಅನೇಕರು ಮಾತನಾಡುತ್ತಿದ್ದುದು ಹುಟ್ಟುಭಾಷೆಯಲ್ಲದ ಭಾಷೆಯಲ್ಲಿ, ನಡುನಡುವೆ ಊರಿನ ಹೆಸರುಗಳು, ತಾಯಿನುಡಿಯ ಪದಗಳು. ವಾರ್ತಾವಾಚಕರ ಸ್ಪಷ್ಟವಾದ ಮಾತಿಗೆ ಒಗ್ಗಿದ ಯಂತ್ರಗಳು ಇಲ್ಲಿ ಎಡವಿದವು. ಸಂಶೋಧಕರು ಆ ವೃದ್ಧರ ಮಾತನ್ನೇ ಗಂಟೆಗಟ್ಟಲೆ ಕೈಯಿಂದ ಬರೆದಿಳಿಸಿ ಯಂತ್ರಕ್ಕೆ ಕಲಿಸಬೇಕಾಯಿತು.

ಮುಂಬಯಿಯ ಕನ್ನಡಿಗನಿಗೆ ಈ ವರ್ಣನೆ ಅಪರಿಚಿತವಲ್ಲ. ನಮ್ಮ ಹಿರಿಯರ ಮಾತಿನಲ್ಲಿ ತುಳು ಬಂದು ಹೋಗುತ್ತದೆ, ಮರಾಠಿ ಇಣುಕುತ್ತದೆ. ಅರ್ಥಗಾರಿಕೆಯಲ್ಲಿ ಹಳಗನ್ನಡದ ಬನಿಯೂ ಸಂಸ್ಕೃತದ ಸಮಾಸಗಳೂ ಬೆರೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ದೇಶದ ಜಿಲ್ಲೆಜಿಲ್ಲೆಗಳ ಮಾತಿನ ಮಾದರಿಗಳನ್ನು ಸಂಗ್ರಹಿಸಲು ಕೈಗೊಂಡ 'ವಾಣಿ' ಯೋಜನೆಯಿಂದ ಆಡುಮಾತಿನ ವೈವಿಧ್ಯಕ್ಕೆ ಯಂತ್ರದ ಕಿವಿ ತೆರೆಯಬಹುದೆಂದು ಆಶಿಸಬಹುದು. ಆದರೆ ಅರ್ಥಧಾರಿಯ ವಾಗ್ವೈಖರಿಯನ್ನು ಬರಹಕ್ಕಿಳಿಸಿ ಕಲಿಸುವ ಕೆಲಸವನ್ನು ಅದನ್ನು ಬಲ್ಲವರೇ ಮಾಡಬೇಕು.

೭

ಈವರೆಗಿನ ಪರಿಶೀಲನೆಯಿಂದ ತೇಲಿಬರುವ ಅಂಶವೊಂದೇ. ಯಂತ್ರ ಸಾದೃಶ್ಯವನ್ನು ಕಾಣಬಲ್ಲದು; ಹೆಸರನ್ನು ತಾನಾಗಿ ಅರಿಯದು. 'ಶಾಲು ಹೊದೆದು ಕುಳಿತವರು' ಎಂದು ಕೇಳಿದರೆ ನಮ್ಮ ಎಪ್ಪತ್ತು ಗಂಟೆಗಳಿಂದ ಆ ಭಾಗಗಳನ್ನು ನಿಮಿಷಗಳಲ್ಲಿ ಹೊರತೆಗೆಯುವುದು ಇಂದಿನ ಯಂತ್ರಕ್ಕೆ ಅಸಾಧ್ಯವಲ್ಲ. ನಮ್ಮ ಹದಿನಾಲ್ಕು ಸಂಜೆಗಳು ಒಂದು ಸಂಜೆಯಾಗುತ್ತಿದ್ದವು. ಒಮ್ಮೆ ಯಾರಾದರೂ 'ಇವರು ಇಂಥವರು' ಎಂದು ಹೇಳಿದರೆ, ಅದೇ ಮುಖ, ಅದೇ ಧ್ವನಿ ಮತ್ತೆಲ್ಲಿ ಬಂದಿದೆಯೆಂದು ಅದು ಅರಸಲೂ ಬಲ್ಲದು. ಆದರೆ ಆ ಮೊದಲ ಹೆಸರನ್ನು ಹೇಳುವವರು ಬೇಕು. ಸೂಚಿಯನ್ನು ಯಂತ್ರ ರಚಿಸಬಹುದು, ಸಾಕ್ಷ್ಯವನ್ನು ನಾವು ನುಡಿಯಬೇಕು.

ಉಳಿಯದುದನ್ನು ಹುಡುಕುವ ಯಂತ್ರವಿಲ್ಲವೆಂಬುದನ್ನೂ ಹೇಳಬೇಕಾಗಿದೆ. ಕನ್ನಡದ ಮೊದಲ ವಾಕ್ಚಿತ್ರ 'ಸತೀ ಸುಲೋಚನಾ' ತಯಾರಾದುದು ನಮಗೆ ದೂರವಲ್ಲದ ಕೊಲ್ಲಾಪುರದಲ್ಲಿ, ತೆರೆಕಂಡುದು ೧೯೩೪ರಲ್ಲಿ. ಅದರ ಒಂದು ಪ್ರತಿಯೂ ಉಳಿದಿಲ್ಲ. ಕ್ಯಾಸೆಟ್ಟಿನ ಕಾಂತಪಟ್ಟಿಯೂ ಶಾಶ್ವತವಲ್ಲ. ತೇವಕ್ಕೆ ಬೂಸಲು ಹಿಡಿಯುತ್ತದೆ. ಅದನ್ನು ಓಡಿಸುವ ಯಂತ್ರಗಳನ್ನು ಈಗ ಯಾರೂ ತಯಾರಿಸುತ್ತಿಲ್ಲ.

ಆದುದರಿಂದ ಹೊರನಾಡಿನ ಸಂಘಸಂಸ್ಥೆಗಳು ತಮ್ಮ ಕಪಾಟುಗಳನ್ನು ಒಮ್ಮೆ ತೆರೆದು ನೋಡಬೇಕೆಂದು ವಿಜ್ಞಾಪನೆ. ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವುದು ಮೊದಲ ಕೆಲಸ. ದಿನಾಂಕ, ಸ್ಥಳ, ಸಂದರ್ಭ, ಕಾಣುವವರು, ಮಾತನಾಡುವವರು, ಪ್ರಸಂಗ, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಂಬ ಏಳು ಅಂಶಗಳನ್ನು ಕನ್ನಡದಲ್ಲಿಯೇ ಒಂದು ಪಟ್ಟಿಯಾಗಿ ಬರೆದಿಡುವುದು ಎರಡನೆಯದು. ಅದಕ್ಕೆ ಕೃತಕ ಬುದ್ಧಿಮತ್ತೆ ಬೇಕಾಗಿಲ್ಲ. ಒಂದು ನೋಟ್‌ಬುಕ್ಕೂ, ನೆನಪುಳ್ಳ ಹಿರಿಯರೊಬ್ಬರೂ ಸಾಕು. ನಾಳೆ ಯಾವ ಯಂತ್ರ ಬಂದರೂ ಅದಕ್ಕೆ ನಮ್ಮ ಮಾತನ್ನು ಕಲಿಸಲು ಮೂಲದ್ರವ್ಯವಾಗುವುದು ಈ ಪಟ್ಟಿಯೇ.

ನಮ್ಮ ಒಂಬತ್ತನೆಯ ಕ್ಯಾಸೆಟ್ಟಿನ ಮೇಲೆ ಈಗ ಆ ಅರ್ಥಧಾರಿಯ ಹೆಸರು, ಪ್ರಸಂಗ, ನಿಮಿಷ ಎಲ್ಲವೂ ಇವೆ. ಉಳಿದ ಹದಿನಾಲ್ಕನ್ನು ದೀಪಾವಳಿಯ ಬಳಿಕ ಕುಳಿತು ನೋಡೋಣವೆಂದು ಆ ಹಿರಿಯರು ಹೇಳಿದ್ದರು. ದೀಪಾವಳಿಗೆ ಮುನ್ನವೇ ಅವರು ತೀರಿಕೊಂಡರು. ಆ ಹದಿನಾಲ್ಕರ ಮೇಲೆ ಇನ್ನೂ 'ಕಾರ್ಯಕ್ರಮ' ಎಂದಷ್ಟೇ ಇದೆ.